ಹದಿಮೂರನೇ ತಾರೀಖಿನ ಬಿತ್ತನೆ

ಮಾರೆವ್ವ ಫೋನನ್ನು ಸೆರಗಿನಿಂದ ಮೂರು ಸಲ ಒರೆಸಿ ನೋಡಿದಳು. ಮಗಳು ಹಾಡುತ್ತಿದ್ದ ಜಾಗದಲ್ಲಿ ಬರೀ ಕಪ್ಪು ಚೌಕ. ಕೆಳಗೆ ಏನೋ ಅಕ್ಷರ. ಓದು ಬಾರದ ಅವಳು ಪಕ್ಕದ ಮನೆಯವರಿಂದ ಓದಿಸಿದಳು—‘ಹಕ್ಕುದಾರರ ದೂರಿನ ಮೇಲೆ ಈ ಹಾಡು ತೆಗೆಯಲಾಗಿದೆ. ಏಳು ದಿನಗಳಲ್ಲಿ ಇಡೀ ಚಾನೆಲ್ ರದ್ದಾಗುತ್ತದೆ.’

ದುರ್ಗಾದೇವಿ ಸತ್ತು ಒಂದು ವರ್ಷ. ಕುಷ್ಟಗಿ ಕ್ರಾಸಿನಲ್ಲಿ ಲಾರಿ ಬಡಿದಾಗ ಅವಳ ಜೊತೆ ಅವಳ ಫೋನೂ ಪುಡಿಯಾಗಿತ್ತು. ಮಗಳ ದನಿಯೆಂದು ತಾಯಿಗೆ ಉಳಿದದ್ದು ಆ ಚಾನೆಲ್ಲಿನ ಹಾಡುಗಳು ಮಾತ್ರ. ಅವೂ ಹೋದರೆ?

ಕುಷ್ಟಗಿಯಲ್ಲಿ ಹೊಲದ ಬದುವಿನ ಜಗಳ ಬಿಟ್ಟು ಬೇರೆ ಕೇಸು ಹಿಡಿಯುವ ವಕೀಲರು ಕಡಿಮೆ. ಮೆಹಜಬೀನ ಮಾತ್ರ ಹಾಡು, ಸಿನಿಮಾ, ಫೋನಿನ ಜಾಹೀರಾತುಗಳ ವ್ಯಾಜ್ಯ ಹಿಡಿದು ಕೂತವಳು. ‘ಗಾಳಿಗೆ ಬದು ಹಾಕೋ ವಕೀಲಬಾಯಿ’ ಎಂದು ಉಳಿದವರು ನಗುತ್ತಿದ್ದರು. ಮಾರೆವ್ವ ಅವಳ ಹತ್ತಿರವೇ ಹೋದಳು.

ಆಕ್ಷೇಪಣೆ ಕಳಿಸಿದ ಮೂರನೇ ದಿನ ಗಂಗಾವತಿಯ ಜಾಹೀರಾತು ಕಂಪನಿಯಿಂದ ಉತ್ತರ ಬಂತು. ಬೀಜದ ಜಾಹೀರಾತಿಗೆಂದು ಹಾಡು ಕೊಂಡಿದ್ದೇವೆ, ಕರಾರು ಇದೆ. ತಂದುಕೊಟ್ಟವರ ಹೆಸರು ಹೇಳುವುದಿಲ್ಲ. ಬೇಕಾದರೆ ಕೋರ್ಟಿಗೆ ಹೋಗಿ.

ಕೋರ್ಟಿಗೆ ಹೋದರೆ ತಿಂಗಳುಗಳು. ಕೈಯಲ್ಲಿದ್ದದ್ದು ನಾಲ್ಕು ದಿನ.

ಉತ್ತರದ ಜೊತೆ ಬಂದ ಕರಾರಿನ ಪ್ರತಿಯಲ್ಲಿ ದುರ್ಗಾದೇವಿಯ ಹೆಸರಿನ ಸಹಿಯಿತ್ತು. ಸಾಕ್ಷಿ—ಅಲ್ತಾಫ. ಊರಿನಲ್ಲೇ ಮೊಬೈಲ್ ಅಂಗಡಿ ಇಟ್ಟವನು, ಆ ಹಾಡಿನ ವಿಡಿಯೋ ಚಿತ್ರ ತೆಗೆದವನು, ಮಾರೆವ್ವನ ಕೈಯ ರೊಟ್ಟಿ ತಿಂದು ಬೆಳೆದವನು. ಹೆಸರು ಕೇಳಿದ್ದೇ ತಡ, ಮಾರೆವ್ವ ಅವನ ಅಂಗಡಿಯ ಮುಂದೆ ನಿಂತು, “ಉಂಡ ಮನಿ ಜಂತಿ ಎಣಿಸಿದ್ಯಲ್ಲೋ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು.

ಮರುದಿನ ಮೆಹಜಬೀನ ಸಂಬಂಧಪಟ್ಟವರನ್ನೆಲ್ಲ ಕಚೇರಿಗೆ ಕರೆಸಿದಳು.

“ಸಾಕ್ಷಿ ಸಹಿ ನಿಂದೇನು?”

“ಅಲ್ರೀ ಮೇಡಂ,” ಎಂದ ಅಲ್ತಾಫ. “ಆಕಿ ಫೋನಿನ್ಯಾಗ ಚಿತ್ರ ತೆಗದಾಂವ ನಾನ. ಊರಾಗ ಆಗ ನೆಟ್ ಇದ್ದಿಲ್ಲ, ಎರಡ ದಿನ ಬಿಟ್ಟು ಹಾಕಿದ್ವಿ. ಅದಕ್ಕೂ ಮೊದ್ಲ ಗಾಳಿ ಸಪ್ಪಳ ತೆಗಸಾಕ ಮರಿಸ್ವಾಮಿ ಅವ್ರ ಸ್ಟುಡಿಯೋಕ್ಕ ಕೊಟ್ಟಿದ್ವಿ. ಅಷ್ಟ ರೀ.”

“ಅವತ್ತು ಎತ್ತು ಹೂಡಿದವರು?”

“ನಾನ ರೀ,” ಎಂದ ಮಾರೆವ್ವನ ಮೈದುನ ವಿರುಪಣ್ಣ. “ಹೆಸರುಕಾಳು ಬಿತ್ತಾಕ ಹತ್ತಿದ್ವಿ. ನಮ್ಮತ್ತಿಗಿ ಕೂರಿಗಿ ಬಟ್ಟಲಕ್ಕ ಕಾಳು ಬಿಡ್ತಿದ್ಳು, ಹುಡುಗಿ ಹಿಂದ ಹಾಡ್ಕೋಂತ ಬರ್ತಿತ್ತು. ಕಾಗದಾ ಪಾಗದಾ ನಾ ಕಂಡಿಲ್ಲ.”

“ನೀವು, ಮರಿಸ್ವಾಮಿ?”

ಸ್ಟುಡಿಯೋ ಮಾಲೀಕ ನಿಟ್ಟುಸಿರಿಟ್ಟ. “ಸತ್ತವ್ರ ಮ್ಯಾಲ ಸುಳ್ಳು ಹೇಳಬಾರ್ದು ರೀ. ನಾನೂ ಆ ಹೊಲದ ದಂಡ್ಯಾಗ ನಿಂತಿದ್ನಿ. ಜೂನ್ ಹದಿಮೂರು. ಆಕಿ ಸಹಿ ಮಾಡಿದ್ದು, ಇಂವ ಸಾಕ್ಷಿ ಹಾಕಿದ್ದು, ಎರಡೂ ಕಣ್ಣಾರೆ ನೋಡೀನ್ರಿ.”

“ಎತ್ತು ಹೂಡಿದ್ದರೇ?”

“ಹಾಡಿನ್ಯಾಗ ಕೊಳ್ಳಗೆಜ್ಜಿ ಕೇಳ್ತದಲ್ರೀ!”

ಮಾರೆವ್ವ ನಂಬಲಾರದೆ ಅವನನ್ನೇ ನೋಡಿದಳು. ಮಗಳೇ ಮಾರಿದಳೇ? ತನಗೊಂದು ಮಾತು ಹೇಳದೆ?

ಮೆಹಜಬೀನ ಕರಾರನ್ನು ಮುಂದಿಟ್ಟಳು. “ಇದರಲ್ಲೂ ಹಾಗೇ ಐತಿ. ‘ಇಂದು, 13–6–2022, ನಮ್ಮ ಹೊಲದಲ್ಲಿ ಎತ್ತು ಹೂಡಿ ಬಿತ್ತುವಾಗ ಹಾಡಿದ್ದು.’ ನಾಲ್ಕು ಸಲ ಓದಿದೆ, ಏನೂ ಹೊಳೀಲಿಲ್ಲ. ಆಮೇಲೆ ಹಳೇ ಕ್ಯಾಲೆಂಡರ್ ತೆಗೆದೆ. ಮಾರೆವ್ವಕ್ಕಾ, ಅವತ್ತು ಸೋಮವಾರ.”

“ಸೋಮವಾರಾ?” ಮಾರೆವ್ವ ಎದ್ದೇ ನಿಂತಳು. “ಬಸವಣ್ಣನ ವಾರ ರೀ ಅದು! ಜೀವ ಹೋದ್ರೂ ನಾವು ನೊಗಾ ಮುಟ್ಟಂಗಿಲ್ಲ!”

“ನಮ್ಮಪ್ಪಾನೂ ಹೂಡಂಗಿಲ್ರೀ,” ಎಂದ ಅಲ್ತಾಫ. “ಊರಾಗ ಯಾರೂ ಹೂಡಂಗಿಲ್ಲ. ನಾವು ಚಿತ್ರ ತೆಗದಿದ್ದು ಐತವಾರ.”

“ಹೌದು, ಭಾನುವಾರ, ಹನ್ನೆರಡು. ಹಾಡು ಚಾನೆಲ್ಲಿಗೆ ಬಂದದ್ದು ಮಂಗಳವಾರ, ಹದಿನಾಲ್ಕು. ಆ ತಾರೀಖು ಫೋನಿನಲ್ಲಿ ಎಲ್ಲರಿಗೂ ಕಾಣ್ತದ. ಹೊಲದಲ್ಲಿ ಇಲ್ಲದವನು ಅದನ್ನು ನೋಡಿ, ಹಿಂದಿನ ದಿನ ಹಾಡಿರಬೇಕು ಅಂತ ಒಂದು ದಿನ ಹಿಂದಕ್ಕೆ ಬರೆದ. ವಿರುಪಣ್ಣ, ಅಲ್ತಾಫ ಇಬ್ಬರೂ ಹೊಲದಲ್ಲಿದ್ದವರು, ಅವರು ಸೋಮವಾರ ಬರೀತಿರಲಿಲ್ಲ. ಹೊಲದಲ್ಲಿ ಇಲ್ಲದೆಯೂ ಇದ್ದೆ ಅಂದವರು ಒಬ್ಬರೇ.”

ಮರಿಸ್ವಾಮಿ ಕರವಸ್ತ್ರ ಹುಡುಕಿದ. “ತಾರೀಖು... ಮರ್ತಿರಬೇಕು ರೀ.”

“ತಾರೀಖು ಮರೀಬಹುದು. ಆದರೆ ಆ ತಾರೀಖು ಹಾಕಿದ ಕಾಗದಕ್ಕೆ ಕಣ್ಣೆದುರೇ ಸಹಿ ಆಯ್ತು ಅಂದಿರಿ. ಜಾಹೀರಾತಿನಲ್ಲಿ ಗಾಳಿ ಸಪ್ಪಳ ಇಲ್ಲದ, ಪೂರಾ ಹಾಡು ಐತಿ. ಚಾನೆಲ್ಲಿಗೆ ಹಾಕಿದ್ದು ಅರ್ಧ ಹಾಡು. ಪೂರಾ ಹಾಡು ನಿಮ್ಮ ಸ್ಟುಡಿಯೋದಲ್ಲಿ ಬಿಟ್ಟು ಬೇರೆ ಎಲ್ಲೈತಿ? ಹಾಡಿದಾಕಿ ಹೇಗೂ ಇಲ್ಲ, ಆಕಿ ಚಾನೆಲ್ಲನ್ನೂ ಅಳಿಸಿದರೆ ಕೇಳುವವರಿಲ್ಲ—ಅಲ್ಲೇನು?”

ಎರಡೂ ಸಹಿ ತಾನೇ ಹಾಕಿ ಹಾಡು ಮಾರಿದೆನೆಂದು ಮರಿಸ್ವಾಮಿ ತಪ್ಪೊಪ್ಪಿಗೆ ಬರೆದುಕೊಟ್ಟ.

“ಮಗಳ ಹಾಡಿನ ಹಕ್ಕು ಈಗ ನಿಮ್ಮದು, ಅಕ್ಕಾ. ಪೊಲೀಸ್ ದೂರಿಗೂ ಕಂಪನಿಗೆ ಹೋಗುವ ನೋಟೀಸಿಗೂ ಹೆಬ್ಬೆಟ್ಟು ಒತ್ತಿರಿ,” ಎಂದಳು ಮೆಹಜಬೀನ. ಮಾರೆವ್ವ ಒತ್ತಿದಳು. ಆದರೆ ಅವಳ ಕಣ್ಣು ಅಲ್ತಾಫನ ಮೇಲಿತ್ತು.

“ಊರ ಮುಂದ ನಿನ್ನ ಬೈದೀನಪಾ. ಊರ ಮುಂದನ ತಪ್ಪಾತು ಅಂತೀನಿ.”

“ಬ್ಯಾಡ ದೊಡ್ಡವ್ವಾ. ನೀ ಬೈದಿದ್ಕಿಂತ, ಹಾಡು ಹೋತಲ್ಲಾ ಅಂತ ಸಂಕಟ ಆಗಿತ್ತು.”

ಕಂಪನಿ ದೂರು ಹಿಂತೆಗೆದುಕೊಂಡಿತು. ಏಳನೇ ದಿನ ಮಧ್ಯಾಹ್ನ ಹಾಡು ಚಾನೆಲ್ಲಿಗೆ ಮರಳಿತು. ಅಲ್ತಾಫ ಅಂಗಡಿ ಬಿಟ್ಟು ಓಡಿಬಂದು ಹಾಡು ಹಚ್ಚಿ ಕೊಟ್ಟ. ಮಾರೆವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಹಾಡು ನಿಂತ ಮೇಲೆ ದುರ್ಗಾದೇವಿ ಏದುಸಿರು ಬಿಡುತ್ತಾ ಕೇಳಿದಳು: “ಸಾಕೇನು, ಅವ್ವಾ?”

“ಇನ್ನೊಂದು ನುಡಿ ಹಾಡವ್ವ,” ಎಂದಳು ಮಾರೆವ್ವ.