ಕಲ್ಲು ತುಂಬಿದ ಮೂರು ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಮೊದಲ ಪೆಟ್ಟಿಗೆಯ ಮುಚ್ಚಳ ಎದ್ದಿತು. ಒಳಗೆ ಹುಲ್ಲು. ಹುಲ್ಲಿನ ಕೆಳಗೆ ಕಲ್ಲು.

ಎರಡನೆಯದರಲ್ಲೂ ಕಲ್ಲು. ಮೂರನೆಯದರಲ್ಲೂ ಕಲ್ಲು.

ಮಾಕಳಿಯ ಆ ಸಣ್ಣ ವರ್ಕ್‌ಶಾಪಿನಲ್ಲಿ ಎಲ್ಲರೂ ಬಗ್ಗಿ ನೋಡಿದರು. ಪೆಟ್ಟಿಗೆಗಳಲ್ಲಿ ಮೂರು ಹೊಸ ಮೋಟಾರುಗಳಿರಬೇಕಿತ್ತು. ಮಾಲೀಕ ಚನಬಸಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು.

ಮೊದಲು ಬಾಯಿ ತೆರೆದವನು ಕಂಟ್ರಾಕ್ಟರ್ ಮಲ್ಲಿಕ್. ಮೋಟಾರು ಸರಬರಾಜು ಅವನದೇ.

"ಶನಿವಾರ ಸಂಜೆ ನಾನೇ ನಿಂತು ಇಳಿಸ್ದೆ ಸಾರ್. ಮುಚ್ಚಳ ತೆಗೆಸಿ ತೋರಿಸ್ದೆ. ನೀವು ನೋಡಿ ಸೈನ್ ಹಾಕಿದ್ರಿ. ಹೌದು ತಾನೆ?"

ಚನಬಸಪ್ಪ ಒಂದು ಕ್ಷಣ ತಡೆದರು. "ಹೌದು. ನೋಡಿದ್ದೆ."

"ಹಾಗಾದ್ರೆ ನಿನ್ನೆ ಭಾನುವಾರ ಇಲ್ಲಿ ಯಾರಿದ್ರು?"

ಎಲ್ಲರ ಕಣ್ಣು ಭೀಮಪ್ಪನ ಮೇಲೆ ಬಿತ್ತು.

ಯಾದಗಿರಿ ಕಡೆಯಿಂದ ಬಂದ ಭೀಮಪ್ಪ ಆರು ವರ್ಷದಿಂದ ಅಲ್ಲಿ ಲೇತ್ ಮಿಷಿನು ಓಡಿಸುತ್ತಿದ್ದ. ಹೆಂಡತಿ ದೇವಕ್ಕನ ಜೊತೆ ಹಿಂದಿನ ಶೀಟಿನ ಕೋಣೆಯಲ್ಲಿ ವಾಸ. ರಜೆಯ ದಿನ ಕಾವಲೂ ಅವನದೇ. ಷಟರಿಗೆ ಇದ್ದದ್ದು ಎರಡೇ ಕೀಲಿ. ಒಂದು ಚನಬಸಪ್ಪನವರ ಹತ್ತಿರ, ಇನ್ನೊಂದು ಭೀಮಪ್ಪನ ಉಡಿದಾರದಲ್ಲಿ. ಬೀಗ ಯಾರೂ ಒಡೆದಿರಲಿಲ್ಲ.

"ನಾ ಮುಟ್ಟಿಲ್ರೀ ಸಾವ್ಕಾರ. ಮುಟ್ಟಿದ್ರ ಈ ಕೈ ಸೇದಿ ಹೋಗ್ಲಿ."

ಒಂಬತ್ತೂವರೆಗೆ ಸಬ್ ಇನ್‌ಸ್ಪೆಕ್ಟರ್ ಹನುಮಯ್ಯ ಬಂದರು. ಹತ್ತು ಗಂಟೆಗೆ ಭೀಮಪ್ಪನನ್ನು ಜೀಪಿಗೆ ಹತ್ತಿಸಿದರು. ಅಕ್ಕಪಕ್ಕದ ಫ್ಯಾಕ್ಟರಿಗಳವರು ಗೇಟಿಗೆ ಬಂದು ನಿಂತು ನೋಡಿದರು. ದೇವಕ್ಕ ಜೀಪಿನ ಹಿಂದೆ ಸ್ವಲ್ಪ ದೂರ ಓಡಿದಳು.

ಆ ಓಟವನ್ನು ಕಂಡು ಸ್ಕೂಟರ್ ನಿಲ್ಲಿಸಿದವಳು ಶೈಲಜಾ.

* * *

ಶೈಲಜಾ ವಿದ್ಯುತ್ ಕಂಪನಿಯ ಎಂಜಿನಿಯರ್. ಕರೆಂಟು ಉಳಿಸುವ ವಿಭಾಗದವಳು. "ಕರೆಂಟ್ ಮಾರೋ ಕಂಪನೀಲಿ ಕರೆಂಟ್ ಉಳಿಸೋ ಕೆಲಸ!" ಎಂದು ಆಫೀಸಿನಲ್ಲಿ ನಗುತ್ತಿದ್ದರು. ಅವಳು ನಗುವವರನ್ನು ಬಿಟ್ಟು ವರ್ಕ್‌ಶಾಪುಗಳನ್ನು ಸುತ್ತುತ್ತಿದ್ದಳು.

2013ರ ಆ ಬೇಸಿಗೆಯಲ್ಲಿ ಬೆಂಗಳೂರಿಗೆ ಕರೆಂಟು ಸಾಲುತ್ತಿರಲಿಲ್ಲ. ತುಮಕೂರು ರಸ್ತೆಯ ಸಣ್ಣ ಕಾರ್ಖಾನೆಗಳಲ್ಲಿ ಮೂರು ನಾಲ್ಕು ಸಲ ಸುಟ್ಟು, ಮತ್ತೆ ತಂತಿ ಸುತ್ತಿಸಿಕೊಂಡ ಹಳೆಯ ಮೋಟಾರುಗಳೇ ಹೆಚ್ಚು. ಕೆಲಸ ಅಷ್ಟೇ, ಕರೆಂಟು ಮಾತ್ರ ಹೆಚ್ಚು ಎಳೆಯುತ್ತವೆ. ಅವುಗಳ ಜಾಗಕ್ಕೆ ಕಡಿಮೆ ಎಳೆಯುವ ಹೊಸ ಮೋಟಾರು ಕೂರಿಸಿದರೆ ಅರ್ಧ ಬೆಲೆ ಕಂಪನಿಯದು. ಇದು ಅವಳ ಯೋಜನೆ. ಮಾಕಳಿಯಲ್ಲಿ ಅದಕ್ಕೆ ಮೊದಲು ಒಪ್ಪಿದವರು ಚನಬಸಪ್ಪ.

"ಮುಗೀತು ಮೇಡಂ ನಿಮ್ಮ ಸ್ಕೀಮು," ಎಂದ ಮಲ್ಲಿಕ್. "ಇಂಥ ಕಳ್ಳರನ್ನ ಇಟ್ಕೊಂಡ್ರೆ ಇನ್ಯಾರು ಸೇರ್ತಾರೆ?"

ಶೈಲಜಾ ಒಳಗೆ ನಡೆದಳು. ಅವಳ ಕಣ್ಣು ಗೋಡೆಯ ಮೇನ್ ಬೋರ್ಡಿನ ಮೇಲಿತ್ತು. ಅಲ್ಲಿ ಒಂದು ಬೂದು ಬಣ್ಣದ ಡಬ್ಬಿ. ನೋಡಿದವರಿಗೆ ಅದೂ ಒಂದು ಮೀಟರ್. ಹಳೆಯ ಮೋಟಾರುಗಳು ಎಷ್ಟು ಕರೆಂಟು ತಿನ್ನುತ್ತವೆ ಎಂದು ತಿಳಿಯಲು ಗುರುವಾರ ಅವಳೇ ಅದನ್ನು ಹಾಕಿದ್ದಳು. ಒಳಗೆ ಬರುವ ಕರೆಂಟನ್ನು ಸೆಕೆಂಡು ಸೆಕೆಂಡಿಗೂ ಬರೆದಿಡುವ ಯಂತ್ರ.

ಅದು ಶನಿವಾರವೂ ಬರೆದಿತ್ತು. ಭಾನುವಾರವೂ ಬರೆದಿತ್ತು.

* * *

ಠಾಣೆಯಲ್ಲಿ ಶೈಲಜಾ ಲ್ಯಾಪ್‌ಟಾಪ್ ತೆರೆದಳು. ಹನುಮಯ್ಯ ಬಗ್ಗಿ ನೋಡಿದರು. ಭಾನುವಾರದ ಗೆರೆ ನೆಲಕ್ಕೆ ಅಂಟಿಕೊಂಡಂತೆ ಸಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಥಟ್ಟನೆ ಎದ್ದು, ಹನ್ನೆರಡರವರೆಗೆ ಹಾಗೇ ನಿಂತಿತ್ತು.

"ನೋಡಿ ಮೇಡಂ! ರಜೆ ದಿನ ಒಳಗೆ ಏನೋ ಓಡಿಸಿದಾನೆ. ನಿಮ್ಮ ಡಬ್ಬೀನೇ ಸಾಕ್ಷಿ ಹೇಳ್ತಿದೆ."

ಶೈಲಜಾ ಲ್ಯಾಪ್‌ಟಾಪ್ ಮುಚ್ಚಿದಳು. ತಾನು ತಂದ ಸಾಕ್ಷಿ ಆ ಮನುಷ್ಯನ ಕುತ್ತಿಗೆಗೇ ಬಂತಲ್ಲ. ಅವಳು ಹೊರಗೆ ಬಂದಳು. ಕಟ್ಟೆಯ ಮೇಲೆ ದೇವಕ್ಕ ಕುಳಿತಿದ್ದಳು.

"ಅಕ್ಕಾ, ನಿನ್ನೆ ಹತ್ತೂವರೆಗೆ ಏನ್ ನಡೀತು? ನಿಜ ಹೇಳಿ. ಸುಳ್ಳು ಹೇಳಿದ್ರೆ ಅವರಿಗೇ ಕಷ್ಟ."

ದೇವಕ್ಕ ಸೆರಗಿನ ತುದಿ ಹಿಂಡಿದಳು. "ಗ್ಯಾಸ್ ತೀರಿತ್ರಿ ಅಕ್ಕಾರ. ಕರೆಂಟಿನ ಕಾಯಿಲ್ ಒಲಿ ಹಚ್ಚಿ ಅಡಗಿ ಮಾಡ್ದೆ. ಕಾಯಿಲ್ ಹಚ್ಚಬ್ಯಾಡ್ರಿ ಅಂತ ಸಾವ್ಕಾರ್ರು ಹೇಳಿದ್ರು. ಹೇಳಿದ್ರ ಕೋಣಿ ಬಿಡಸ್ತಾರ ಅಂತ ಅಂಜಿದ್ನಿ. ನನ್ನ ಮ್ಯಾಲ ಏನರ ಹಾಕ್ರಿ, ಅವ್ರನ್ನ ಬಿಡ್ರಿ."

ಕೋಣೆಯ ವೈರು ವರ್ಕ್‌ಶಾಪಿನ ಬೋರ್ಡಿನಿಂದಲೇ ಹೋಗಿತ್ತು. ಶೈಲಜಾ ಕೋಣೆಗೆ ಹೋಗಿ ಕಾಯಿಲ್ ಹಚ್ಚಿಸಿದಳು. ಬೋರ್ಡಿನ ಡಬ್ಬಿಯಲ್ಲಿ ಭಾನುವಾರದ್ದೇ ಅಂಕಿ, ಒಂದೂವರೆ ಕಿಲೋವ್ಯಾಟ್.

ಒಂದು ಗಂಟು ಬಿಚ್ಚಿತು. ಆದರೆ ಅಷ್ಟಕ್ಕೆ ಭೀಮಪ್ಪ ಬಿಡುಗಡೆಯಾಗುವಂತಿರಲಿಲ್ಲ.

ಠಾಣೆಗೆ ಮರಳಿ ಅವಳು ಭಾನುವಾರದ ಗೆರೆಯನ್ನು ಮತ್ತೊಮ್ಮೆ ನೋಡಿದಳು. ಒಂದೊಂದು ಮೋಟಾರು ನೂರಿಪ್ಪತ್ತು ಕಿಲೋ. ಒಬ್ಬ ಮನುಷ್ಯ ಎತ್ತಲಾರ. ಅದಕ್ಕೆಂದೇ ಅಲ್ಲಿ ಭಾರ ಎತ್ತುವ ಸಣ್ಣ ಕರೆಂಟಿನ ಹಾಯ್ಸ್ಟ್ ಇದೆ. ಕಾಯಿಲ್ ಬಿಟ್ಟರೆ ಭಾನುವಾರ ಏನೂ ಓಡಿಲ್ಲ. ಹಾಯ್ಸ್ಟ್ ಅಲುಗಿಲ್ಲ.

"ನಾಲ್ಕು ಜನ ಸೇರಿ ಹೊತ್ತಿರಬಹುದು," ಎಂದರು ಹನುಮಯ್ಯ.

ಹೌದು, ಹೊತ್ತಿರಬಹುದು. ಹಾಗಾದರೆ ಶನಿವಾರ ಪೆಟ್ಟಿಗೆಯಲ್ಲಿ ಮೋಟಾರು ಇದ್ದಿರಲೇಬೇಕು. ಇತ್ತೇ?

ಅವಳು ಶನಿವಾರದ ಗೆರೆ ತೆಗೆದಳು. ನಾಲ್ಕಕ್ಕೆ ಮಿಷಿನುಗಳೆಲ್ಲ ನಿಂತಿವೆ. ನಾಲ್ಕೂ ಮುಕ್ಕಾಲಿಗೆ ಹಾಯ್ಸ್ಟ್ ಮಾತ್ರ ಮೂರು ಸಲ ಎದ್ದಿದೆ. ಮೂರು ಪೆಟ್ಟಿಗೆ, ಮೂರು ಏರು. ಅವಳು ಆ ಅಂಕಿಯನ್ನು ದಿಟ್ಟಿಸಿ ನೋಡಿದಳು. ತುಟಿಯ ಮೇಲೆ ನಿಧಾನವಾಗಿ ನಗು ಬಂತು.

"ಸಾರ್, ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ವರ್ಕ್‌ಶಾಪಿಗೆ ಕರೆಸಿ. ಮಲ್ಲಿಕ್ ಅವರನ್ನೂ. ಆ ಕಲ್ಲಿನ ಪೆಟ್ಟಿಗೆ ಹಾಗೇ ಇರ್ಲಿ."

* * *

ಮಂಗಳವಾರ ಹತ್ತು ಗಂಟೆಗೆ ಮಿಷಿನುಗಳನ್ನು ನಿಲ್ಲಿಸಿದರು. ಕೆಲಸಗಾರರು ಗೋಡೆಗೊರಗಿ ನಿಂತರು. ಭೀಮಪ್ಪ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ತಲೆ ತಗ್ಗಿಸಿ ನಿಂತಿದ್ದ.

ಪೀಣ್ಯದ ಗದಿಗೆಪ್ಪನವರ ಕಾರ್ಖಾನೆಗೂ ಇದೇ ಯೋಜನೆಯಲ್ಲಿ ಇದೇ ಅಳತೆಯ ಮೋಟಾರು ಬಂದಿತ್ತು. ಅದನ್ನು ಪೆಟ್ಟಿಗೆ ಸಮೇತ ಶೈಲಜಾ ಗೂಡ್ಸ್ ಆಟೋದಲ್ಲಿ ತರಿಸಿದ್ದಳು.

"ಮೊದಲು ನಿಜವಾದ ಮೋಟಾರ್ ಎತ್ತಿ."

ಹಾಯ್ಸ್ಟ್ ಗುಂಯ್‌ಗುಟ್ಟಿತು. ಪೆಟ್ಟಿಗೆ ನೆಲ ಬಿಟ್ಟಿತು.

"ಹನುಮಯ್ಯ ಸಾರ್, ಎಷ್ಟಿದೆ ಓದಿ."

"ಮುನ್ನೂರ ತೊಂಬತ್ತು ವ್ಯಾಟ್."

"ಈಗ ಕಲ್ಲಿನ ಪೆಟ್ಟಿಗೆ."

"ಇನ್ನೂರ ಎಂಬತ್ತು."

"ಭಾರ ಕಡಿಮೆಯಾದ್ರೆ ಹಾಯ್ಸ್ಟ್ ಎಳೆಯೋ ಕರೆಂಟೂ ಕಡಿಮೆ. ಈಗ ಶನಿವಾರ ಸಂಜೆ ಲಾರಿಯಿಂದ ಇಳಿಸಿದಾಗಿನ ಅಂಕಿ ಓದಿ. ಮೂರನ್ನೂ."

ಹನುಮಯ್ಯ ಲ್ಯಾಪ್‌ಟಾಪಿಗೆ ಬಗ್ಗಿದರು. ಒಮ್ಮೆ ಓದಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಗಟ್ಟಿಯಾಗಿ ಓದಿದರು.

"ಇನ್ನೂರ ಎಂಬತ್ತು. ಇನ್ನೂರ ಎಪ್ಪತ್ತೆಂಟು. ಇನ್ನೂರ ಎಂಬತ್ತೊಂದು."

"ಪೆಟ್ಟಿಗೆಗಳು ಬಂದಾಗಲೇ ಒಳಗಿದ್ದದ್ದು ಕಲ್ಲು," ಎಂದಳು ಶೈಲಜಾ. "ಭಾನುವಾರ ಇಲ್ಲಿಂದ ಏನೂ ಕಳುವಾಗಿಲ್ಲ. ಕಳುವಾಗೋಕೆ ಇಲ್ಲಿ ಏನೂ ಬಂದೇ ಇರ್ಲಿಲ್ಲ."

ಮಲ್ಲಿಕ್ ನಕ್ಕ. ನಗು ಪೂರ್ತಿ ಬರಲಿಲ್ಲ. "ಹಳೇ ಹಾಯ್ಸ್ಟು, ಅದನ್ನ ನಂಬ್ತೀರಾ? ಪೆಟ್ಟಿಗೆ ತೆಗೆದು ತೋರಿಸಿದೀನಿ ಕಣ್ರೀ. ಇವರೇ ನೋಡಿದಾರೆ!"

ಶೈಲಜಾ ಚನಬಸಪ್ಪನವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಸಾರ್, ನೀವು ಮೋಟಾರ್ ನೋಡಿದ್ರಾ?"

ಚನಬಸಪ್ಪ ಭೀಮಪ್ಪನನ್ನು ನೋಡಿದರು.

"ಇಲ್ಲ. ಮದುವೆ ಮನೆಗೆ ಹೊರಟಿದ್ದೆ, ಅವಸರ ಇತ್ತು. ಸೋಮವಾರ ಹೇಗೂ ತೆಗೀತೀವಿ, ಸೈನ್ ಹಾಕಿ ಅಂದ ಇವನು. ಹಾಕ್ದೆ. ನೋಡದೇ ಸೈನ್ ಹಾಕಿದೆ ಅಂದ್ರೆ ಸ್ಕೀಮು ಕೈ ತಪ್ಪುತ್ತೆ ಅಂತ ಸುಳ್ಳು ಹೇಳ್ಬಿಟ್ಟೆ."

ಮಲ್ಲಿಕ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಕಾನ್‌ಸ್ಟೇಬಲ್ ನಿಂತಿದ್ದ.

"ಸೈನ್ ಬಿದ್ದ ಮೇಲೆ ಮಾಲು ಇವರ ಜವಾಬ್ದಾರಿ, ದುಡ್ಡು ನಿಮಗೆ," ಎಂದಳು ಶೈಲಜಾ. "ಬೀಗ ಒಡೆದಿಲ್ಲ, ಕೀಲಿ ಭೀಮಪ್ಪನ ಹತ್ರ ಇದೆ. ಬಡವನ ಮೇಲೆ ಗುಮಾನಿ ತಾನಾಗೇ ಬರುತ್ತೆ. ನೀವು ಲೆಕ್ಕ ಹಾಕದೇ ಇದ್ದದ್ದು ಗೋಡೆ ಮೇಲಿನ ಆ ಡಬ್ಬಿ ಒಂದನ್ನೇ. ಮೂರೂ ಮೋಟಾರಿನ ನಂಬರು ನಮ್ಮ ಆಫೀಸಲ್ಲಿದೆ ಮಲ್ಲಿಕ್. ಎಲ್ಲಿಟ್ಟಿದೀರಿ?"

ಮಧ್ಯಾಹ್ನದೊಳಗೆ ಮಲ್ಲಿಕ್‌ನ ಪೀಣ್ಯದ ಗೋಡೌನಿನಲ್ಲಿ ತಾಡಪಾಲಿನ ಕೆಳಗೆ ಮೂರೂ ಸಿಕ್ಕವು. ನಂಬರುಗಳು ತಾಳೆಯಾದವು. ಒಂದು ಮೂಲೆಯಲ್ಲಿ ಅದೇ ಹುಲ್ಲಿನ ರಾಶಿಯೂ ಇತ್ತು.

"ಇಪ್ಪತ್ತೆರಡು ವರ್ಷ ಸರ್ವೀಸು ಮೇಡಂ," ಎಂದರು ಹನುಮಯ್ಯ, ಭೀಮಪ್ಪನ ಹೆಗಲ ಮೇಲೆ ಕೈಯಿಟ್ಟು. "ಕರೆಂಟು ಸಾಕ್ಷಿ ಹೇಳಿದ್ದು ಇದೇ ಮೊದಲು."

* * *

ಮುಂದಿನ ವಾರ ಕೋರ್ಟಿನ ಅನುಮತಿ ಪಡೆದು ಮೋಟಾರುಗಳು ಮಾಕಳಿಗೆ ಬಂದವು. ಎರಡು ದಿನದಲ್ಲಿ ಕೂರಿಸಿದರು. ಶೈಲಜಾ ಡಬ್ಬಿಯ ಮುಂದೆ ನಿಂತಳು.

"ಭೀಮಪ್ಪ, ನೀನೇ ಸ್ವಿಚ್ ಹಾಕಪ್ಪ," ಎಂದರು ಚನಬಸಪ್ಪ.

ಭೀಮಪ್ಪ ಕದಲಲಿಲ್ಲ. ಪಕ್ಕದಲ್ಲಿ ದೇವಕ್ಕ ನಿಂತಿದ್ದಳು.

"ಹಾಕ್ತೀನ್ರಿ. ಆದ್ರ ಒಂದ್ ಮಾತು. ಜೀಪಿಗೆ ನನ್ನ ಹತ್ತಿಸಿದ್ದು ಇಡೀ ರಸ್ತಿ ನೋಡೇತಿ. ನಾ ಕಳ್ಳ ಅಲ್ಲ ಅನ್ನೂದನ್ನೂ ರಸ್ತಿಗೇ ಹೇಳ್ರಿ ಸಾವ್ಕಾರ."

ಚನಬಸಪ್ಪ ಅವನನ್ನೇ ನೋಡಿದರು. ಆಮೇಲೆ ಗೇಟು ದಾಟಿ ರಸ್ತೆಯ ನಡುವೆ ಹೋಗಿ ನಿಂತರು. ಶಿಫ್ಟು ಬದಲಾಗುವ ಹೊತ್ತು. ಎಲ್ಲ ಗೇಟುಗಳಲ್ಲೂ ಜನ.

"ಎಲ್ಲಾ ಕೇಳ್ರಪ್ಪಾ! ಭೀಮಪ್ಪ ಕಳ್ಳ ಅಲ್ಲ! ಸುಳ್ಳು ಹೇಳಿದೋನು ನಾನು! ತಪ್ಪು ನಂದು!"

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಎದುರಿನ ಫ್ಯಾಕ್ಟರಿಯವರೂ ತಟ್ಟಿದರು. ರಸ್ತೆಯುದ್ದಕ್ಕೂ ಚಪ್ಪಾಳೆ ಹರಿಯಿತು. ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

ಭೀಮಪ್ಪ ಎದೆಯುಬ್ಬಿಸಿ ಒಳಗೆ ಬಂದು ಸ್ವಿಚ್ ಹಾಕಿದ. ಮೂರು ಮೋಟಾರುಗಳೂ ಒಂದೇ ಉಸಿರಿನಲ್ಲಿ ಎದ್ದವು. ಇಪ್ಪತ್ನಾಲ್ಕು ಕಿಲೋವ್ಯಾಟ್ ಎಳೆಯುತ್ತಿದ್ದ ಜಾಗದಲ್ಲಿ ಅಂಕಿ ಇಪ್ಪತ್ತೊಂದಕ್ಕೆ ಬಂದು ನಿಂತಿತು.

ಗೇಟಿನಲ್ಲಿ ನಾಲ್ಕು ಜನ ಮಾಲೀಕರು ಆಗಲೇ ಸಾಲಾಗಿ ನಿಂತಿದ್ದರು.

"ಮೇಡಂ, ನಮ್ದೂ ಬರ್ಕೊಳಿ," ಎಂದ ಮೊದಲನೆಯವನು. "ಆದ್ರೆ ಪೆಟ್ಟಿಗೆ ತೆಗೆದು ನೋಡಿದ ಮೇಲೇ ಸೈನು!"