ಲುಂಬಿನಿ ಅತ್ತಿರಲಿಲ್ಲ

"ಎದ್ದು ನಿಂದ್ರಿ! ನನ್ನ ಮುಖ ನೋಡಿ ಹೇಳ್ರಿ, ನನ್ನ ಯಾಕ ಬ್ಯಾಡಂದ್ರಿ?"

ಸೇಡಂನ ಆ ಕೂಲರ್ ರಿಪೇರಿ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಬಾಗಿಲತ್ತ ತಿರುಗಿದರು. ಕೂಲರ್ ಬಿಚ್ಚುತ್ತಿದ್ದ ಅಜಯಕುಮಾರ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ.

ಎದುರಿಗೆ ಲುಂಬಿನಿ!

ಹೋದ ಭಾನುವಾರ ವಾಡಿಯ ಅವಳ ಮನೆಗೆ ಹೆಣ್ಣು ನೋಡಲು ಹೋಗಿದ್ದವನು, ಮರುದಿನವೇ ಫೋನಿನಲ್ಲಿ ಬೇಡವೆಂದಿದ್ದ. ಕಾರಣ ಹೇಳಿರಲಿಲ್ಲ. ಹೇಳದಿದ್ದರೆ ಜನ ಸುಮ್ಮನಿರುತ್ತಾರೆಯೇ? ಹುಡುಗಿಯಲ್ಲೇ ಏನೋ ಐಬು ಎಂದು ಓಣಿಯೆಲ್ಲ ಆಡಿಕೊಂಡಿತು. ಲುಂಬಿನಿ ಸಿಟ್ಟಿನಿಂದ ರೈಲು ಹತ್ತಿಯೇಬಿಟ್ಟಳು.

'ಇಷ್ಟಪಟ್ಟಿದ್ದು ನಾನೊಬ್ಬಳೇನಾ?' ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದುದು ಅದೇ.

"ನೀವು ಅಳಾಕತ್ತಿದ್ರಿ..." ಅವನ ದನಿ ತಗ್ಗಿತು. "ಚಹಾ ಕೊಡುವಾಗ ಕಣ್ಣಾಗ ನೀರು ಹರೀತಿತ್ತು. ಮನಸ್ಸಿಲ್ಲದವರನ್ನ ಜುಲುಮಿಲೆ ಕುಂದ್ರಿಸ್ಯಾರ ಅಂತ ತಿಳಿದೆ. ಕಾರಣ ಹೇಳಿದ್ರ ಮನ್ಯಾಗ ನಿಮಗೇ ಬೈತಾರಂತ ಸುಮ್ಮನಾದೆ."

"ಅಳಾಕತ್ತಿದ್ನಾ? ನಾನಾ?" ಅವಳ ಮೈಯೆಲ್ಲ ಉರಿದುಹೋಯಿತು. "ದಿನಾ ಎಂಟು ತಾಸು ಕಂಪ್ಯೂಟರ್ ನೋಡ್ತೀನ್ರಿ! ಕಣ್ಣು ಒಣಗ್ತಾವ, ಉರೀತಾವ, ಆ ಉರಿಗಿ ನೀರು ಸುರೀತಾವ! ಆಗಾಗ ಕಣ್ಣು ಮಿಟುಕಿಸ್ರಿ, ದೂರ ನೋಡ್ರಿ, ಗಾಳಿಗಿ ಮುಖ ಕೊಡಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಬೀಗರು ಬರ್ತಾರಂತ ನಮ್ಮಪ್ಪ ಕೂಲರ್ ಹಚ್ಚಿದ. ಅದರ ಗಾಳಿಯೆಲ್ಲ ನನ್ನ ಮುಖಕ್ಕೇ! ದಿನಾ ಕೂಲರ್ ರಿಪೇರಿ ಮಾಡ್ತೀರಿ, ಅಷ್ಟೂ ತಿಳೀಲಿಲ್ಲೇನ್ರಿ?"

ಬೈಯುತ್ತಿದ್ದಂತೆಯೇ ಕಣ್ಣು ಮತ್ತೆ ಚುಚ್ಚಿದವು. ಅಂಗಡಿಯಲ್ಲಿ ನಾಲ್ಕು ಕೂಲರ್‌ಗಳು ಒಟ್ಟಿಗೇ ತಿರುಗುತ್ತಿದ್ದವು. ನೀರು ಕೆನ್ನೆಗಿಳಿಯಿತು. ಛೇ! ಇವನೆದುರಿಗೇ ಬರಬೇಕಿತ್ತೇ!

ಅಜಯಕುಮಾರ ನಾಲ್ಕನ್ನೂ ಬಂದ್ ಮಾಡಿದ.

"ಈ ಬಿಸಿಲಾಗ ಬಂದ್ ಮಾಡ್ತಿಯೇನಲೇ?" ಗಿರಾಕಿ ರೇವಣಸಿದ್ದ ರೇಗಿದ.

"ಒಂಚೂರು ತಡಕೋ ಕಾಕಾ." ಅವನು ಲುಂಬಿನಿಯತ್ತ ತಿರುಗಿದ. "ಈಗೇನು ಮಾಡಬೇಕ್ರಿ?"

"ಬೆಚ್ಚನ ನೀರಾಗ ಅರಬಿ ಅದ್ದಿ, ಮುಚ್ಚಿದ ಕಣ್ಣಿನ ಮ್ಯಾಲ ಇಡಬೇಕು!" ಅದನ್ನೂ ಅವಳು ಜಗಳದ ದನಿಯಲ್ಲೇ ಹೇಳಿದಳು.

ಅವನು ಪಕ್ಕದ ಚಹಾದಂಗಡಿಯಿಂದ ಬಿಸಿನೀರು ತಂದು ಬೆಚ್ಚಗಾಗುವಷ್ಟು ಆರಿಸಿದ. ಒಗೆದ ಕರವಸ್ತ್ರವನ್ನು ಅದ್ದಿ ಹಿಂಡಿ, ತನ್ನ ಮುಂಗೈಗೆ ಒತ್ತಿ ಬಿಸಿ ನೋಡಿ, ಅವಳ ಕೈಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಕಣ್ಣಿನ ಉರಿ ತಗ್ಗಿತು. ಸಿಟ್ಟು ತಗ್ಗಲಿಲ್ಲ.

"ನನ್ನ ಮನಸ್ಸಿನಾಗ ಏನೈತಿ ಅಂತ ನಮ್ಮಪ್ಪನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಎಲ್ಲಾರೂ ತಾವೇ ತಿಳಕೊಂಡ್ರಿ. ನನಗ ಬಾಯಿಲ್ಲೇನ್ರಿ?"

"ತಪ್ಪಾತ್ರಿ. ಬ್ಯಾಡಂದ ದಿನದಿಂದ ನನಗ ಯಾವ ಕೆಲಸದಾಗೂ ಮನಸ್ಸಿಲ್ಲ." ಅವನು ಅವಳ ಮುಖ ನೋಡಿದ. "ಈಗ ಕೇಳ್ತೀನಿ... ಲುಂಬಿನಿ, ನಾ ನಿಮಗ ಒಪ್ಪಿಗಿ ಏನ್ರಿ?"

ಇದುವರೆಗೆ ಯಾರೂ ಕೇಳದ ಮಾತು.

"ಸಿಟ್ಟು ಇನ್ನೂ ಇಳಿದಿಲ್ಲ..."

"ಇರ್ಲಿ. ಸಿಟ್ಟಿನಾಗೇ ಹೇಳ್ರಿ."

"...ಒಪ್ಪಿಗಿ."

"ಇನ್ನೊಮ್ಮೆ ಹೇಳ್ರಲ್ಲ?"

"ಯಾಕ, ಕೇಳಿಸಲಿಲ್ಲೇನು?"

"ಕೇಳಿಸ್ತು. ಮತ್ತೊಮ್ಮೆ ಕೇಳಬೇಕನಿಸ್ತು."

"ಒಪ್ಪಿಗಿ ಐತ್ರೀ!" ಲುಂಬಿನಿ ಬೀದಿಗೆಲ್ಲ ಕೇಳುವಂತೆ ಕೂಗಿದಳು.