ಮೂರು ಸಿಂಹಬಾಯಿ ಪಂಪುಗಳು

ಬಹಳ ಹಿಂದೆ, ಹಂಸಾವತಿ ಎಂಬ ರಾಜ್ಯದ ಹಳೇ ಪಟ್ಟಣದಲ್ಲಿ ಮೂರೇ ಬೀದಿಗಳಿದ್ದವು. ಬೀದಿಗೊಂದು ಕೈಪಂಪು, ರಾಜನ ಮುತ್ತಜ್ಜ ಹಾಕಿಸಿದ್ದು. ಒಂದಕ್ಕೆ ಆನೆಯ ಬಾಯಿ, ಒಂದಕ್ಕೆ ಮೊಸಳೆಯ ಬಾಯಿ, ಒಂದಕ್ಕೆ ಸಿಂಹದ ಬಾಯಿ. ಬೀದಿಗಳಿಗೆ ಬೇರೆ ಹೆಸರೇ ಬೇಕಾಗಿರಲಿಲ್ಲ.

ಒಂದು ದಿನ ಧೂಮಕೇಶಿ ಎಂಬ ಮಾಂತ್ರಿಕ ನೀರಿಗೆ ಬಂದವನೇ ಸಾಲಿನಲ್ಲಿದ್ದ ಕೊಡಗಳನ್ನು ಒದ್ದು, ತನ್ನ ಕಮಂಡಲವನ್ನು ಮುಂದಿಟ್ಟ. ಹೆಂಗಸರು ಅದನ್ನೆತ್ತಿ ಕೊನೆಗಿಟ್ಟರು. ಅವನಿಗೆ ಪಿತ್ತ ನೆತ್ತಿಗೇರಿತು. ಕೈ ಬೀಸಿದ. ಎಲ್ಲ ಪಂಪಿಗೂ ಸಿಂಹದ ಬಾಯೇ ಆಯಿತು, ಮನೆಗಳೆಲ್ಲ ಒಂದೇ ಥರ ಆದವು, ದಿಕ್ಕುಗಳು ಅದಲುಬದಲಾದವು.

“ಹೊತ್ತು ಮುಳುಗೋದರೊಳಗೆ ಒಬ್ಬಳಾದರೂ ತನ್ನ ಮನೆ ಸೇರಿದರೆ ಮಾಯೆ ಮುರೀತದೆ. ತಪ್ಪು ತೊಟ್ಟಿಲಿಗೆ ಕೈ ಹಾಕಿದರೆ ಅವಳ ಮಗು ನಂದು!” ಎಂದು ಗಹಗಹಿಸಿದ.

ಬಳೆ ಮಾರುವ ಚೆನ್ನಾಜಿಯೂ ಆ ಸಾಲಿನಲ್ಲಿದ್ದಳು. ಮಗಳು ನೀಲಿ, ಪಂಪಿನೆದುರಿನ ಮನೆಯ ತೊಟ್ಟಿಲಲ್ಲಿದ್ದಳು. ಅವಳ ಅಳು ಮೂರು ಬೀದಿಯಿಂದಲೂ ಕೇಳಿಸುತ್ತಿತ್ತು.

ಮೊದಲನೇ ಪಂಪಿನ ಹಿಡಿ ಮುಟ್ಟಿದ್ದೇ ತಡ, ಪನ್ನೀರು ಸುರಿಯಿತು. “ನಾನೇ ಕಣಮ್ಮ ನಿಮ್ಮ ಬೀದಿಯವನು,” ಎಂದಿತು ಸಿಂಹ. ಎದುರಿನ ಮನೆಗೆ ಓಡಿದಳು. ತೊಟ್ಟಿಲಲ್ಲಿ ಕುಲಾವಿ ತೊಟ್ಟ ಸಿಂಹದ ಮರಿ ನಗುತ್ತಿತ್ತು. ಬೆಚ್ಚಿಬಿದ್ದು ಬಾಗಿಲೆಳೆದುಕೊಂಡಳು.

ಎರಡನೇ ಪಂಪಿನಲ್ಲಿ ಕೊಡ ತಾನೇ ತುಂಬಿ, ತಾನೇ ಸೊಂಟವೇರಿತು. “ನಾನೇ ಕಣಮ್ಮ,” ಎಂದಿತು ಸಿಂಹ. ಅಲ್ಲಿನ ತೊಟ್ಟಿಲಲ್ಲಿ ನೀಲಿಯೇ ಇದ್ದಳು! ಅದೇ ಮೂಗು, ಅದೇ ಮಚ್ಚೆ, ಬಾಯ್ತುಂಬ ನಗು. ಚೆನ್ನಾಜಿ ಕೈ ಚಾಚಿದಳು, ತಡೆದಳು. ಬೆಳಗಿನಿಂದ ಹಾಲಿಲ್ಲದ ಕೂಸು ನಗುತ್ತದೆಯೇ? ಅವಳಿಗೆ ಖಾತ್ರಿಯಿರಲಿಲ್ಲ. ಎದೆ ಕಲ್ಲು ಮಾಡಿಕೊಂಡು ಹೊರಬಂದಳು.

ಮೂರನೇ ಪಂಪು ಮಾತೂ ಆಡಲಿಲ್ಲ, ನೀರೂ ಕೊಡಲಿಲ್ಲ. ಏಳು ಸಲ ಜಗ್ಗಿದರೂ ಬರೀ ಕಿರ್ರ್. ಇದೂ ಅಲ್ಲವಾದರೆ ತನ್ನ ಬೀದಿ ಯಾವುದು? ಸೂರ್ಯ ಸೂರಿನಂಚಿಗೆ ಇಳಿದಿದ್ದ. ಚೆನ್ನಾಜಿಗೆ ಅಳುವೂ ಬಂತು, ಸಿಟ್ಟೂ ಬಂತು.

“ಹಾಳಾದವನೇ, ದಿನಾ ಇದೇ ಗೋಳು ನಿಂದು!” ಎಂದು ಒಂದು ಗುದ್ದಿದಳು.

ದಿನಾ?

“ಬಂದೆ ಮಾರಾಯ್ತಿ, ಹೊಡೀಬ್ಯಾಡ,” ಎಂದು ಗೊಣಗಿದ ಸಿಂಹ, ಬಾಯ್ತುಂಬ ನೀರನ್ನು ಅವಳ ಸೀರೆಗೇ ಉಗಿಯಿತು. ಅವಳ ಬೀದಿಯ ಈ ಪಂಪಿಗೆ ಮೊದಲಿನಿಂದಲೂ ಸಿಂಹದ ಬಾಯಿಯೇ. ಹಾಗಾಗಿ ಮಾಂತ್ರಿಕ ಇದನ್ನು ಬದಲಿಸಿರಲೇ ಇಲ್ಲ.

ಚೆನ್ನಾಜಿ ಒಳಗೆ ಓಡಿದಳು. ನೀಲಿ ಕೆಂಪಗಾಗಿ ಕಿರುಚುತ್ತಿದ್ದಳು. ಎತ್ತಿಕೊಂಡ ಕೂಡಲೇ ಅವ್ವನ ಕೆನ್ನೆಗೆ ಹೊಡೆದು, ಕೂದಲು ಹಿಡಿದು ಜಗ್ಗಿದಳು. ಚೆನ್ನಾಜಿಗೆ ಜನ್ಮದಲ್ಲೇ ಅಷ್ಟು ಸುಖವಾಗಿರಲಿಲ್ಲ.

ಮಾಯೆ ಮುರಿಯಿತು. ಧೂಮಕೇಶಿ ಹೊಗೆಯಾಗಿ ಹೋದ. ಎಲ್ಲರೂ ಅವರವರ ಮನೆ ಸೇರಿ ಸುಖವಾಗಿ ಬಾಳಿದರು. ನೀಲಿ ಮಾತ್ರ, ಹೊಟ್ಟೆ ತುಂಬುವವರೆಗೂ ಅವ್ವನ ಕೂದಲು ಬಿಡಲಿಲ್ಲ.